ಬೈಯದೆ ಟಾರ್ಗೆಟ್ ಬರುತ್ತಾ? ಗಾರ್ಮೆಂಟ್ಸ್ ಸೂಪರ್‌ವೈಸರ್ ಒಬ್ಬರ ಪ್ರಶ್ನೆ

ಪ್ರಶ್ನೆ (ಲೈನ್ ಸೂಪರ್‌ವೈಸರ್, ಪೀಣ್ಯ):
ಮೇಡಂ, ನಮಸ್ತೆ. ಏಳು ವರ್ಷ ಟೈಲರ್ ಆಗಿದ್ದೆ. ಹೋದ ದೀಪಾವಳಿ ಆದಮೇಲೆ ಸೂಪರ್‌ವೈಸರ್ ಮಾಡಿದರು. ನನ್ನ ಲೈನಿನಲ್ಲಿ 42 ಜನ, ಇಬ್ಬರನ್ನು ಬಿಟ್ಟರೆ ಎಲ್ಲರೂ ಹೆಣ್ಣುಮಕ್ಕಳು. ಗಂಟೆಗೆ 70 ಶರ್ಟ್ ಟಾರ್ಗೆಟ್. 50 ಬಂದರೆ ಪಿ.ಎಂ. (ಪ್ರೊಡಕ್ಷನ್ ಮ್ಯಾನೇಜರ್) ಎಲ್ಲರೆದುರಿಗೇ ನನಗೆ ಬೈಯುತ್ತಾರೆ. ನಾನು ಲೈನಿಗೆ ಬಂದು ಅದನ್ನೇ ಕಕ್ಕುತ್ತೇನೆ. ಬೈದ ಮೇಲೆ ಪೀಸ್ ಜಾಸ್ತಿ ಬರುವುದೂ ನಿಜ, ಸುಳ್ಳು ಹೇಳಲ್ಲ. ಆದರೆ ಮೊನ್ನೆ, ನನಗೆ ಕಾಲರ್ ಹಾಕುವುದನ್ನು ಕಲಿಸಿದ ಅಕ್ಕನಿಗೇ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಅವರು ತಲೆ ಎತ್ತಲಿಲ್ಲ, ಹೊಲಿಯುತ್ತಲೇ ಇದ್ದರು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಮನೆಯಲ್ಲಿ ಮಗು ಅತ್ತರೂ ರೇಗುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಒಳಗೆ ಹೋದರೆ ಹೊರಗೆ ಬರುವುದು ರಾತ್ರಿ ಏಳೂವರೆಗೆ, ವಾರಕ್ಕೆ ಆರು ದಿನ. ಬೈಯದೆ ಟಾರ್ಗೆಟ್ ತರೋಕೆ ಆಗುತ್ತಾ?

ಉತ್ತರ (ಆಪ್ತಸಮಾಲೋಚಕಿ, ಹಿಂದೆ ಗಾರ್ಮೆಂಟ್ಸ್‌ನಲ್ಲಿ ವೆಲ್‌ಫೇರ್ ಆಫೀಸರ್):
ಮೊದಲು "ಬೈದ ಮೇಲೆ ಪೀಸ್ ಬರುತ್ತದೆ" ಅಂದಿರಲ್ಲ, ಅದನ್ನು ನೋಡೋಣ. ಉಳಿದಿದ್ದೆಲ್ಲ ಅದಕ್ಕೇ ಅಂಟಿಕೊಂಡಿದೆ.

ಡೇನಿಯಲ್ ಕಾನ್‌ಮನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. 2002ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಬಂತು. ಅವರು ಇಸ್ರೇಲ್ ವಾಯುಪಡೆಯ ತರಬೇತುದಾರರಿಗೆ ಪಾಠ ಹೇಳುತ್ತಿದ್ದಾಗ ಒಬ್ಬರು ಎದ್ದು ನಿಂತು ನೀವು ಹೇಳಿದ್ದನ್ನೇ ಹೇಳಿದರಂತೆ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮುಂದಿನ ಸಲ ಸರಿಯಾಗಿ ಹಾರಿಸುತ್ತಾನೆ ಅಂತ. ಕಾನ್‌ಮನ್‌ಗೆ ಅಲ್ಲೇ ಹೊಳೆಯಿತು. ಇದು ಬೈಗುಳದ ಮಹಿಮೆ ಅಲ್ಲ. ತೀರಾ ಕೆಟ್ಟ ಹಾರಾಟದ ನಂತರದ್ದು ಸಾಮಾನ್ಯವಾಗಿ ತಾನಾಗೇ ಸ್ವಲ್ಪ ಸುಧಾರಿಸುತ್ತದೆ, ತೀರಾ ಒಳ್ಳೆಯದರ ನಂತರದ್ದು ಸ್ವಲ್ಪ ಇಳಿಯುತ್ತದೆ. ಬೈದರೂ ಅಷ್ಟೇ, ಬಿಟ್ಟರೂ ಅಷ್ಟೇ.

ನಿಮ್ಮ ಲೈನಿಗೆ ಬನ್ನಿ. 50 ಬಂದ ಗಂಟೆಯಲ್ಲಿ ಏನೋ ಆಗಿರುತ್ತದೆ. ಕಟಿಂಗ್‌ನಿಂದ ಕತ್ತರಿಸಿದ ಬಟ್ಟೆಯ ಬಂಡಲ್ ಬರುವುದು ತಡವಾಗಿರುತ್ತದೆ, ಓವರ್‌ಲಾಕ್ ಮೆಷಿನ್‌ನಲ್ಲಿ ದಾರ ಕಡಿಯುತ್ತಿರುತ್ತದೆ, ತೋಳು ಹಾಕುವವರು ರಜೆ ಹಾಕಿ ಅಲ್ಲಿ ಹೊಸಬರು ಕೂತಿರುತ್ತಾರೆ. ನೀವು ಬೈಯುವುದು ಅಂಥ ಗಂಟೆಯ ಕೊನೆಯಲ್ಲೇ ಅಲ್ವಾ? ಮುಂದಿನ ಗಂಟೆಗೆ ಬಂಡಲ್ ಬರುತ್ತದೆ, ಪೀಸ್ ಏರುತ್ತದೆ, ಹೆಸರು ನಿಮ್ಮ ಬಾಯಿಗೆ ಸಿಗುತ್ತದೆ. ನನ್ನ ಮಾತು ನಂಬಬೇಡಿ. ಹದಿನೈದು ದಿನ ಪ್ರೊಡಕ್ಷನ್ ಬೋರ್ಡಿನ ಅಂಕಿಯನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳಿ. ಪೀಸ್ ಕಡಿಮೆ ಬಂದಾಗ ಒಂದು ಸಲ ಬೈದು, ಒಂದು ಸಲ ಬೈಯದೆ ನೋಡಿ. ಕೆಲಸದ ಹೊತ್ತು ಅಳೆಯುವ ಐ.ಇ. (ಇಂಡಸ್ಟ್ರಿಯಲ್ ಎಂಜಿನಿಯರ್) ಕೈಯಲ್ಲಿ ಸ್ಟಾಪ್‌ವಾಚ್ ಇರುವ ಹಾಗೆ ನಿಮ್ಮ ಕೈಯಲ್ಲಿ ಈ ಪುಸ್ತಕ ಇರಲಿ.

ಇನ್ನೊಂದಿದೆ, ನನಗೆ ಇದೇ ಜಾಸ್ತಿ ಚಿಂತೆ. ಸೂಜಿ ಮುರಿದರೆ ಏನು ಮಾಡುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎಲ್ಲ ತುಂಡನ್ನೂ ಹುಡುಕಿ ಕೊಟ್ಟರೇನೇ ಹೊಸ ಸೂಜಿ. ಒಂದು ತುದಿ ಮಗುವಿನ ಶರ್ಟಿನಲ್ಲಿ ಉಳಿದರೆ ಇಡೀ ಆರ್ಡರ್ ಹೋಯಿತು. ಈಗ ಯೋಚಿಸಿ. ಸಿಕ್ಕಿದ್ದಕ್ಕೆಲ್ಲ ಬೈಯುವ ಸೂಪರ್‌ವೈಸರ್ ಹತ್ತಿರ ತುದಿ ಸಿಗಲಿಲ್ಲ ಅಂತ ಹೇಳುವ ಧೈರ್ಯ ಯಾರಿಗಿದೆ? ಸುಮ್ನೆ ಹೊಲಿಯುತ್ತಾರೆ, ಆ ಅಕ್ಕ ತಲೆ ಎತ್ತದೆ ಹೊಲಿದ ಹಾಗೆ.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದರು. ಒಳ್ಳೆಯ ಮುಖ್ಯ ನರ್ಸ್ ಇರುವ ವಾರ್ಡಿನಲ್ಲಿ ತಪ್ಪು ಕಡಿಮೆ ಇರಬೇಕು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು, ಅಲ್ಲೇ ಜಾಸ್ತಿ! ಆಮೇಲೆ ಕಾರಣ ಗೊತ್ತಾಯಿತು. ಆ ವಾರ್ಡುಗಳಲ್ಲಿ ನರ್ಸ್‌ಗಳು ತಪ್ಪನ್ನು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮ ಲೈನಿನಲ್ಲಿ ಯಾರೂ ಏನೂ ಹೇಳುತ್ತಿಲ್ಲ ಅಂದರೆ ಎಲ್ಲ ಸರಿ ಇದೆ ಅಂತ ತಿಳಿಯಬೇಡಿ. ತಪ್ಪು ಸರಿಮಾಡಲು ಆಲ್ಟರ್ ಪೀಸ್ ಎಷ್ಟು ವಾಪಸ್ ಬರುತ್ತಿದೆ, ಸೋಮವಾರ ಎಷ್ಟು ಜನ ಆಬ್ಸೆಂಟ್, ಅದನ್ನು ನೋಡಿ.

ನಾಳೆಯಿಂದ ಒಂದು ಕೆಲಸ ಮಾಡಿ. ಮೊದಲ ಗಂಟೆಯಲ್ಲಿ ಲೈನಿನ ಆ ತುದಿಯಿಂದ ಈ ತುದಿಗೆ ನಡೆಯಿರಿ. "ಯಾಕೆ ಕಡಿಮೆ?" ಅನ್ನಬೇಡಿ, "ಏನು ಅಡ್ಡಿ ಆಗುತ್ತಿದೆ?" ಅನ್ನಿ. ಒಬ್ಬರು ಹೇಳಿದ ಒಂದು ಅಡ್ಡಿಯನ್ನಾದರೂ ಅವತ್ತೇ ಸರಿಮಾಡಿಸಿ. ಸರಿಮಾಡದೆ ಬರೀ ಕೇಳುತ್ತಾ ಹೋದರೆ ಎರಡನೇ ವಾರಕ್ಕೆ ಮತ್ತೆ ಎಲ್ಲರೂ ಸುಮ್ಮನಾಗುತ್ತಾರೆ. ಅಡ್ಡಿ ಎಲ್ಲಿ ಬೇಕಾದರೂ ಇರಬಹುದು. ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಹಳೇ ಲೈಟ್ ತೆಗೆದು ಎಲ್‌ಇಡಿ ಹಾಕಿದಾಗ ಏನಾಯಿತು ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಕರೆಂಟ್ ಉಳಿಸಲು ಹಾಕಿದ್ದು, ಆದರೆ ಬಲ್ಬಿನ ಕಾವು ಕಡಿಮೆಯಾಗಿ ಬಿಸಿಲಿನ ದಿನಗಳಲ್ಲಿ ಪೀಸ್ ಏರಿತು! ಅಲ್ಲಿಯವರೆಗೆ ಅದೇ ಬಿಸಿಲಿನ ದಿನಗಳಲ್ಲಿ ಎಷ್ಟು ಜನ ಬೈಸಿಕೊಂಡಿರಬಹುದು?

ಆ ಅಕ್ಕನ ವಿಷಯ. ಬೈದಿದ್ದು ಎಲ್ಲರೆದುರು, ಹಾಗಾಗಿ ತಪ್ಪಾಯಿತು ಅನ್ನುವುದೂ ಎಲ್ಲರೆದುರು. ಟೀ ಟೈಮಲ್ಲಿ ಮೂಲೆಗೆ ಕರೆದು ಹೇಳಿದರೆ ಅರ್ಧ ಮಾತ್ರ. ಕಾರಣ ಕೊಡಬೇಡಿ, ಪಿ.ಎಂ. ಹೆಸರೂ ತರಬೇಡಿ. "ಅಕ್ಕಾ, ಮೊನ್ನೆ ಹಾಗೆ ಅನ್ನಬಾರದಿತ್ತು, ತಪ್ಪಾಯಿತು." ಇಷ್ಟು ಸಾಕು.

ಕೊನೆಗೆ ನೀವು. ಊಟದ ಹೊತ್ತು ಬಿಟ್ಟು ಲೆಕ್ಕ ಹಾಕಿದರೂ ನಿಮ್ಮದು ವಾರಕ್ಕೆ ಸುಮಾರು 60 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಿಗೆ ಹೇಳಿದ್ದು ಇದು: ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35%, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು 17% ಜಾಸ್ತಿ. ಹೆದರಿಸಲು ಹೇಳುತ್ತಿಲ್ಲ. ಬಿ.ಪಿ. ನೋಡಿಸಿಕೊಂಡು ಎಷ್ಟು ದಿನವಾಯಿತು? ಮಧ್ಯಾಹ್ನ ನಿಂತುಕೊಂಡೇ ಊಟ ಮಾಡುತ್ತೀರಾ? ನನ್ನ ಅನುಭವದಲ್ಲಿ ಹೆಚ್ಚಿನ ಸೂಪರ್‌ವೈಸರ್‌ಗಳು ಹಾಗೇ ಮಾಡುತ್ತಾರೆ, ಅದಕ್ಕೆ ಕೇಳಿದೆ. ಸುಸ್ತು ಹೋಗುವುದೇ ಇಲ್ಲ, ಕೆಲಸ ಅಂದರೆ ಅಸಹ್ಯ, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು, ಈ ಮೂರೂ ಸೇರಿದರೆ ಅದನ್ನು ಬರ್ನ್‌ಔಟ್ ಅನ್ನುತ್ತಾರೆ. ಅದು ಸೋಮಾರಿತನವಲ್ಲ. ನಿದ್ದೆ ಇನ್ನೂ ಹೀಗೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಪ್ರಶ್ನೆ (ಟೈಲರ್, ಮೈಸೂರು ರಸ್ತೆ):
ಸೂಪರ್‌ವೈಸರ್ ಕಷ್ಟ ಕೇಳಿದಿರಿ, ಸರಿ ಮೇಡಂ. ಬೈಸಿಕೊಳ್ಳುವವರು ನಾವು. ಬಾತ್‌ರೂಮಿಗೆ ಹೋಗಿ ಬಂದರೂ ಗಡಿಯಾರ ತೋರಿಸುತ್ತಾರೆ, ಅದಕ್ಕೆ ನಾನು ನೀರೇ ಕುಡಿಯುವುದಿಲ್ಲ. ಕೆಟ್ಟ ಮಾತೂ ಬರುತ್ತದೆ. ಯಾರಿಗೆ ಹೇಳುವುದು?

ಉತ್ತರ:
ನೀವು ಕೇಳಿದ್ದು ನ್ಯಾಯ. ಮೊದಲು ನೀರು ಕುಡಿಯಿರಿ ತಾಯಿ. ನೀರು ಬಿಟ್ಟು ಉರಿಮೂತ್ರ ಬಂದು, ರಜೆ ಹಾಕಿ, ಸಂಬಳ ಕಟ್ ಆದವರನ್ನು ಬೇಕಾದಷ್ಟು ನೋಡಿದ್ದೇನೆ.

ಕೆಟ್ಟ ಮಾತಿನಲ್ಲಿ ಎರಡು ಬಗೆ ಇದೆ. ಮೈ, ಬಟ್ಟೆ, ನಡತೆ ಬಗ್ಗೆ ಅಶ್ಲೀಲವಾಗಿ ಅಂದರೆ ಅದು ಬರೀ ಬೈಗುಳ ಅಲ್ಲ, 2013ರ ಕಾನೂನಿನಲ್ಲಿ ಲೈಂಗಿಕ ಕಿರುಕುಳ. ಹತ್ತು ಜನ ಕೆಲಸ ಮಾಡುವ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹೆಂಗಸೇ ಅಧ್ಯಕ್ಷೆ, ಹೊರಗಿನವರು ಒಬ್ಬರು ಇರಬೇಕು. ಅದು ಆದ ಮೂರು ತಿಂಗಳೊಳಗೆ ದೂರು ಬರೆದು ಕೊಡಿ. ಬರೆಯಲು ಬರದಿದ್ದರೆ ಸಮಿತಿಯವರೇ ಸಹಾಯ ಮಾಡಬೇಕು, ಅದೂ ಕಾನೂನಿನಲ್ಲಿದೆ. ಬರೀ ಕೂಗಾಟವಾದರೆ ಇದು ಆಗುವುದಿಲ್ಲ. ಆಗ ವೆಲ್‌ಫೇರ್ ಆಫೀಸರ್ ಅಥವಾ ಯೂನಿಯನ್, ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ತಾರೀಖು, ಹೊತ್ತು, ಆಡಿದ ಮಾತು ಬರೆದಿಟ್ಟುಕೊಳ್ಳಿ.

ದೂರು ಪೆಟ್ಟಿಗೆ ಇದೆಯಲ್ಲ ಅನ್ನುತ್ತಾರೆ. ನಾನಿದ್ದ ಕಡೆ ಅದನ್ನು ಪಿ.ಎಂ. ಕ್ಯಾಬಿನ್ ಎದುರಿಗೇ ನೇತುಹಾಕಿದ್ದರು. ವರ್ಷಕ್ಕೆ ಎರಡು ಚೀಟಿ ಬಂದವು, ಎರಡೂ ಕ್ಯಾಂಟೀನ್ ಸಾಂಬಾರಿನ ಬಗ್ಗೆ. ಆಗ ಜಾಗ ಬದಲಿಸಿ ಅಂತ ನಾನೂ ಬಾಯಿಬಿಡಲಿಲ್ಲ, ಅದು ನನ್ನ ತಪ್ಪು.

ಪ್ರತಿಕ್ರಿಯೆ (ಫ್ಲೋರ್ ಇನ್‌ಚಾರ್ಜ್):
ಹೇಳುವುದು ಸುಲಭ ಮೇಡಂ. ಶಿಪ್‌ಮೆಂಟ್ ತಪ್ಪಿದರೆ ಹಡಗಿನಲ್ಲಿ ಹೋಗಬೇಕಾದ್ದು ವಿಮಾನದಲ್ಲಿ ಹೋಗುತ್ತದೆ. ಆ ಖರ್ಚು ಬೈಯರ್ (ಬಟ್ಟೆ ಕೊಳ್ಳುವ ಕಂಪನಿ) ಕೊಡುವುದಿಲ್ಲ. ಮೆತ್ತಗೆ ಮಾತಾಡಿಕೊಂಡು ಕೂತರೆ ಫ್ಯಾಕ್ಟರಿ ಮುಚ್ಚಬೇಕು.

ಉತ್ತರ:
ಒಪ್ಪುತ್ತೇನೆ ಸರ್, ಒತ್ತಡ ಹುಟ್ಟುವುದು ನಿಮ್ಮಲ್ಲಿ ಅಲ್ಲ. ಬೈಯರ್ ದಿನ ಕಡಿಮೆ ಮಾಡುತ್ತಾನೆ, ರೇಟೂ ಕಡಿಮೆ ಮಾಡುತ್ತಾನೆ, ಕೊನೆಗೆ ಅದು ಬಂದು ಬೀಳುವುದು ಕಾಲರ್ ಹೊಲಿಯುವವರ ತಲೆ ಮೇಲೆ. ಇದನ್ನು ಒಬ್ಬ ಸೂಪರ್‌ವೈಸರ್ ಸರಿಮಾಡಲಾರ. ಆದರೆ ಮೆತ್ತಗೆ ಇರಿ ಅಂತ ನಾನು ಹೇಳಿಲ್ಲ. ಟಾರ್ಗೆಟ್ ಕೇಳಿ, ಗಟ್ಟಿಯಾಗಿಯೇ ಕೇಳಿ. ಮರ್ಯಾದೆ ತೆಗೆಯಬೇಡಿ.

ಮತ್ತೆ, ಬಿಟ್ಟುಹೋಗುವವರ ಖರ್ಚನ್ನು ಯಾರಾದರೂ ಲೆಕ್ಕ ಹಾಕುತ್ತೀರಾ? ನಮ್ಮ ದೇಶದ ಗಾರ್ಮೆಂಟ್ಸ್ ಕಾರ್ಮಿಕರ ಮೇಲೆಯೇ ಒಂದು ಅಧ್ಯಯನ ಆಗಿದೆ. ಕೂಲಿ ಏರಿಕೆ ಅಂದುಕೊಂಡಷ್ಟು ಬರದೆ ಎಲ್ಲರೂ ಬೇಜಾರಾಗಿದ್ದಾಗ, ಕೆಲವರಿಗೆ ಮಾತ್ರ ಹೆಸರು ಹೇಳದೆ ತಮ್ಮ ಅಭಿಪ್ರಾಯ ಕೊಡಲು ಅವಕಾಶ ಕೊಟ್ಟರು. ಕೂಲಿ ಒಂದು ಪೈಸೆ ಏರಲಿಲ್ಲ. ಆದರೂ ಅವರಲ್ಲಿ ಕೆಲಸ ಬಿಟ್ಟವರು ಉಳಿದವರಿಗಿಂತ ಸುಮಾರು 20% ಕಡಿಮೆ. ಹಾಗಂತ ಕೂಲಿ ಬದಲು ಅಭಿಪ್ರಾಯದ ಫಾರ್ಮ್ ಹಂಚಬೇಡಿ, ಆ ಚಾಲಾಕಿತನ ಟೈಲರ್‌ಗಳಿಗೆ ಬೇಗ ಗೊತ್ತಾಗುತ್ತದೆ. ವಾರಕ್ಕೆ 48 ಗಂಟೆ ಮೀರಿದ ಓಟಿಗೆ (ಓವರ್‌ಟೈಮ್‌ಗೆ) ಡಬಲ್ ಕೂಲಿ ಕೊಡುವುದನ್ನೂ ಮರೆಯಬೇಡಿ.

ಮೊದಲ ಪ್ರಶ್ನೆ ಕೇಳಿದವರು (ಆರು ದಿನದ ನಂತರ):
ಮೇಡಂ, ಅಕ್ಕನಿಗೆ ಎಲ್ಲರೆದುರೂ ಹೇಳಿದೆ. "ಹೋಗ್ಲಿ ಬಿಡಪ್ಪ" ಅಂದರು, ಅಷ್ಟೇ. ಮಾರನೇ ದಿನ ಅವರೇ ಕರೆದು, "ನನ್ನ ಮೆಷಿನ್‌ನಲ್ಲಿ ಮೂರು ವಾರದಿಂದ ದಾರ ಕಡಿಯುತ್ತಿದೆ" ಅಂದರು. ಮೂರು ವಾರ! ನಾನು ಅದಕ್ಕೇ ಬೈದಿದ್ದು. ಪಿ.ಎಂ. ಈಗಲೂ ಹಾಗೇ ಇದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ:
ಅವರು ಕೂಗುವಾಗ ಏನೂ ಹೇಳಬೇಡಿ. ಅರ್ಧ ಗಂಟೆ ಬಿಟ್ಟು ಪುಸ್ತಕ ಹಿಡಿದು ಹೋಗಿ, ಕ್ಯಾಬಿನ್ನಿನಲ್ಲಿ ತೋರಿಸಿ. "ಸರ್, ಈ ಮೆಷಿನ್‌ನಿಂದ ಗಂಟೆಗೆ ಇಷ್ಟು ಪೀಸ್ ಹೋಗುತ್ತಿದೆ, ಇವತ್ತು ಮೆಕ್ಯಾನಿಕ್ ಬೇಕು" ಅನ್ನಿ. ಅಂಕಿ ಮುಂದಿಟ್ಟರೆ ಕೂಗುವುದು ಸ್ವಲ್ಪ ಕಷ್ಟ. ಅಂದಹಾಗೆ, ಮೆಕ್ಯಾನಿಕ್ ಬಂದರಾ?

ಮೊದಲ ಪ್ರಶ್ನೆ ಕೇಳಿದವರು:
ನಾಳೆ ಬರುತ್ತೇನೆ ಅಂದಿದ್ದಾರೆ ಮೇಡಂ. ಅಲ್ಲಿಯವರೆಗೆ ನನ್ನ ಹಳೇ ಮೆಷಿನ್ ಅಕ್ಕನಿಗೆ ಕೊಟ್ಟಿದ್ದೇನೆ.