ಗ್ರಾಫೀನ್ ಕ್ಯಾಟಲಿಸ್ಟ್ ಸೈಕಲ್ ಹೆಚ್ಚಾದಂಗ ಚುರುಕಾಗ್ಲಾಕತ್ತದ, ಇದು ಖರೇನ ಆ್ಯಕ್ಟಿವೇಶನ್ನಾ?

ವಿಜಾಪುರ_ಎಲೆಕ್ಟ್ರೋಡ್:
ನಮಸ್ಕಾರ್ರಿ ಎಲ್ಲಾರಿಗೂ. ಎಂಎಸ್ಸಿ ಪ್ರಾಜೆಕ್ಟಿಗೆ ನೈಟ್ರೋಜನ್ ಡೋಪ್ ಮಾಡಿದ ಗ್ರಾಫೀನ್ (ಕಾರ್ಬನ್‌ದು ಭಾಳ ತೆಳು ಹಾಳಿ, ಅದ್ರಾಗ ಸ್ವಲ್ಪ ನೈಟ್ರೋಜನ್ ಸೇರಿಸಿದ್ದು) ಮಾಡೀನಿ, ನೀರಿನಿಂದ ಹೈಡ್ರೋಜನ್ ತೆಗೀಲಿಕ್ಕೆ ಪ್ಲಾಟಿನಂ ಬದ್ಲಿ ಇದು ನಡೀತದೇನು ಅಂತ ನೋಡೂದು. ಹಮ್ಮರ್ಸ್ ಮೆಥಡ್‌ಲೆ ಗ್ರಾಫೀನ್ ಆಕ್ಸೈಡ್ ಮಾಡ್ಕೊಂಡು ಯೂರಿಯಾ ಹಾಕಿ ಆಟೋಕ್ಲೇವ್‌ನಾಗ 180 ಡಿಗ್ರಿಗೆ 12 ತಾಸು ಇಟ್ಟು ತೆಗೆದದ್ದು. 3 ಮಿಲಿಮೀಟರ್ ಗ್ಲಾಸಿ ಕಾರ್ಬನ್ ಮ್ಯಾಲೆ ಇಂಕ್ ಹಚ್ಚಿ 0.5 ಮೋಲಾರ್ ಸಲ್ಫ್ಯೂರಿಕ್ ಆ್ಯಸಿಡ್‌ನಾಗ ಟೆಸ್ಟ್ ಮಾಡ್ಲಾಕತ್ತೀನಿ, ಕೌಂಟರ್ (ಕರೆಂಟ್ ಸುತ್ತು ಪೂರ್ತಿ ಮಾಡೂ ಎದುರಿನ ಎಲೆಕ್ಟ್ರೋಡ್) ಪ್ಲಾಟಿನಂ ವೈರ್, ರೆಫರೆನ್ಸ್ (ವೋಲ್ಟೇಜ್ ಹೋಲಿಸಿ ಅಳೀಲಿಕ್ಕೆ ಇಡೂ ಎಲೆಕ್ಟ್ರೋಡ್) ಸಿಲ್ವರ್-ಸಿಲ್ವರ್ ಕ್ಲೋರೈಡ್.

ತೊಂದ್ರಿ ಏನಂದ್ರ, ಮೊದಲ ಸ್ಕ್ಯಾನ್‌ನಾಗ ಚದರ ಸೆಂಟಿಮೀಟರಿಗೆ 10 ಮಿಲಿಆ್ಯಂಪ್ ಬರಬೇಕಂದ್ರ 400 ಮಿಲಿವೋಲ್ಟ್ ಮ್ಯಾಲೆ ಹೆಚ್ಚುವರಿ ವೋಲ್ಟೇಜ್ ಬೇಕಾಗ್ತದ, ಟಾಫೆಲ್ ಸ್ಲೋಪ್ (ಕರೆಂಟ್ ಹತ್ತು ಪಟ್ಟು ಏರ್ಲಿಕ್ಕೆ ಬೇಕಾಗೂ ಮಿಲಿವೋಲ್ಟ್) 128. ರಾತ್ರಿ ಪೂರ್ತಿ ಸಿವಿ ಸೈಕಲ್ (ವೋಲ್ಟೇಜ್ ಮ್ಯಾಲೆ-ಕೆಳಗ ಮತ್ತ ಮತ್ತ ಓಡಿಸೂದು) ಹಾಕಿ ಬಿಟ್ಟು ಮುಂಜಾನೆ ನೋಡಿದ್ರ ಅದೇ 10 ಮಿಲಿಆ್ಯಂಪ್ 140ಕ್ಕೇ ಬಂದದ, ಸ್ಲೋಪ್ 52. ಗೈಡ್ ಸರ್ ಇದು ಆ್ಯಕ್ಟಿವೇಶನ್, ಪೇಪರ್ ಬರೀರಿ ಅಂತಾರ. ಆದ್ರ ಅದೇ ಇಂಕ್‌ನಿಂದ ಹೊಸಾ ಎಲೆಕ್ಟ್ರೋಡ್ ಮಾಡಿದ್ರ ಮತ್ತ 400ರಿಂದನೇ ಶುರು. ನನಗ್ಯಾಕೋ ಮನಸ್ಸು ಒಪ್ಪವಲ್ದು. ಇನ್ನೊಂದು, ಗುಳ್ಳಿ ಜೋರಾಗಿ ಬರೂ ಮುಂದ ಕೋಟಿಂಗ್ ಅಂಚಿನಿಂದ ಎದ್ದು ಬರ್ತದ, ಅದಕ್ಕೂ ಏನರ ಇದ್ರ ಹೇಳ್ರಿ.

ಕುಂದಾನಗರಿ_ವೋಲ್ಟ್:
ಮನಸ್ಸು ಒಪ್ಪದೇ ಇರೂದು ಬರೋಬರಿ ಐತಿ ತಂಗೀ. ನನ್ನ ಸಂಶೆ ಪೂರಾ ನಿಮ್ಮ ಕೌಂಟರ್ ಮ್ಯಾಲೆ.

ವರ್ಕಿಂಗ್ ಎಲೆಕ್ಟ್ರೋಡ್ (ಗ್ರಾಫೀನ್ ಹಚ್ಚಿದ್ದು) ನೆಗೆಟಿವ್ ಕಡೆ ಹೋದಂಗ, ಅದಕ್ಕ ಬೇಕಾದ ಕರೆಂಟ್ ಕೊಡಾಕ ಕೌಂಟರ್ ಅಷ್ಟೇ ಜೋರಾಗಿ ಪಾಸಿಟಿವ್ ಕಡೆ ಹೋಗ್ತೈತಿ. ಅಲ್ಲಿ ಪ್ಲಾಟಿನಂ ಮೈ ಆಕ್ಸೈಡ್ ಆಗಿ ಸ್ವಲ್ಪ ಸ್ವಲ್ಪ ಕರಗಿ ಆ್ಯಸಿಡ್‌ನಾಗ ಇಳೀತೈತಿ, ಆ ಅಯಾನು ಈಜ್ಕೊಂತ ಬಂದು ನಿಮ್ಮ ಗ್ರಾಫೀನ್ ಮ್ಯಾಲೆ ಮತ್ತ ಪ್ಲಾಟಿನಂ ಆಗೇ ಕೂಡ್ತಾವು. ಕಣ್ಣಿಗೆ ಕಾಣಾಂಗಿಲ್ಲ, ಆದ್ರ ಹೈಡ್ರೋಜನ್ ಬಿಡಾಕ ಪ್ಲಾಟಿನಂ ಒಂದಿಷ್ಟೇ ಇದ್ರೂ ಸಾಕು. ಅದ್ರಾಗ ನಿಮ್ಮ ರೆಫರೆನ್ಸ್‌ನಿಂದ ಸೋರೂ ಕ್ಲೋರೈಡ್ ಐತಲ್ಲ, ಅದು ಪ್ಲಾಟಿನಂ ಕರಗೂದನ್ನ ಇನ್ನೂ ಜೋರ ಮಾಡ್ತೈತಿ.

ಸ್ಲೋಪ್ ನೋಡ್ರಿ. ಆ್ಯಸಿಡ್‌ನಾಗ ಚೊಲೋ ಪ್ಲಾಟಿನಂದು 30ರ ಆಜುಬಾಜು, ಏನೂ ಕೆಲಸ ಮಾಡದ ಕಾರ್ಬನ್‌ದು 120ರ ಆಜುಬಾಜು. ನಿಮ್ದು 128ರಿಂದ 52ಕ್ಕ ಇಳದೈತಿ ಅಂದ್ರ ರಿಯಾಕ್ಷನ್ ನಡೆಯೂ ದಾರಿನೇ ಬದಲಾಗೈತಿ. 2014ರಾಗ ಕಾರ್ಬನ್ ನೈಟ್ರೈಡ್ ಮತ್ತ ನೈಟ್ರೋಜನ್ ಗ್ರಾಫೀನ್ ಕೂಡ್ಸಿ ಮಾಡಿದ ಹೆಸರಾಂತ ಮೆಟಲ್-ಫ್ರೀ ಕ್ಯಾಟಲಿಸ್ಟಿಗೇ 10 ಮಿಲಿಆ್ಯಂಪಿಗೆ ಸುಮಾರು 240 ಮಿಲಿವೋಲ್ಟ್ ಬೇಕಾಗಿತ್ತು, ನಿಮ್ದು ಬರೇ ಯೂರಿಯಾ ಹಾಕಿ 140 ಅಂದ್ರ ತಡದು ನೋಡಬೇಕು.

ಹಿಂಗ್ ಮಾಡ್ರಿ. ಪ್ಲಾಟಿನಂ ತಗದು ಹೈ-ಪ್ಯೂರಿಟಿ ಗ್ರಾಫೈಟ್ ರಾಡ್ ಹಾಕ್ರಿ, ಅದನ್ನ ಗ್ಲಾಸ್ ಫ್ರಿಟ್ (ಸಣ್ಣ ಸಣ್ಣ ತೂತಿನ ಗಾಜಿನ ತಡಿ) ಇರೂ ಬ್ಯಾರೆ ಕೊಳವಿ ಒಳಗ ಇಡ್ರಿ. ರೆಫರೆನ್ಸ್ ಮರ್ಕ್ಯುರಿ-ಮರ್ಕ್ಯುರಸ್ ಸಲ್ಫೇಟ್ ಸಿಕ್ರ ಕ್ಲೋರೈಡ್ ತಾಪತ್ರಯನೇ ಇಲ್ಲ. ಹಳೇ ಸೆಲ್ ಗ್ವಾಡಿಗೆ ಪ್ಲಾಟಿನಂ ಹತ್ತಿರ್ತೈತಿ, ಬರೇ ನೀರಾಗ ತೊಳದ್ರ ಹೋಗಾಂಗಿಲ್ಲ, ಫ್ಯೂಮ್ ಹುಡ್ ಒಳಗ ಯಾರರ ಅನುಭವಸ್ಥರನ್ನ ಬಾಜು ಇಟ್ಕೊಂಡು ಆಕ್ವಾ ರೀಜಿಯಾ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆ್ಯಸಿಡ್ ಕೂಡ್ಸಿದ್ದು) ಹಾಕಿ ತೊಳೀರಿ, ಇಲ್ಲಾಂದ್ರ ಹೊಸಾ ಸೆಲ್ಲೇ ತಗೊಳ್ರಿ. ಆಮ್ಯಾಲೆ ಹೊಸಾ ಆ್ಯಸಿಡ್, ಹೊಸಾ ಕೋಟಿಂಗ್, ಅಷ್ಟೇ ಸೈಕಲ್. ಕರೆಂಟ್ ಏರಲಿಲ್ಲಂದ್ರ ಉತ್ತರ ಸಿಕ್ಕಂಗ.

ಘಟಪ್ರಭಾ_ದಂಡಿ:
ರಾಡ್ ಸಿಗಲಿಲ್ಲಂತ ಹಳೇ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿ, ಪೆನ್ಸಿಲ್ ಕಡ್ಡಿ ಹಾಕಾಕ ಹೋಗಬ್ಯಾಡ್ರಿ. ಟಾರ್ಚ್ ಸೆಲ್ಲಿಂದಕ್ಕ ಮ್ಯಾಂಗನೀಸ್, ಸತು ಅಂಟಿರ್ತಾವು, ಪೆನ್ಸಿಲ್‌ನ್ಯಾಗ ಜೇಡಿಮಣ್ಣು ಇರ್ತೈತಿ.

ವೋಲ್ಟ್ ಅಣ್ಣಾರ ಮಾತು ಒಪ್ತೀನಿ, ಆದ್ರ ಇನ್ನೊಂದು ಕಾರಣಾನೂ ಇರಬಹುದು. ಒಣಗಿದ ಗ್ರಾಫೀನ್ ಪದರಿನೊಳಗ ಆ್ಯಸಿಡ್ ನಿಧಾನ ಇಳೀತೈತಿ, ಹಂಗಾಗಿ ಸೈಕಲ್ ಹೆಚ್ಚಾದಂಗ ನೆನೆದ ಜಾಗ ಹೆಚ್ಚಾಗಿ ಕರೆಂಟ್ ಏರೂದು ಉಂಟು. ಎರಡನ್ನೂ ಬ್ಯಾರೆ ಮಾಡಾಕ ಡಬಲ್ ಲೇಯರ್ ಕೆಪ್ಯಾಸಿಟೆನ್ಸ್ (ನೆನೆದ ಜಾಗ ಎಷ್ಟೈತಿ ಅಂತ ಹೇಳೂ ಅಳತಿ) ಅಳೀರಿ, ಸೈಕಲ್ ಮೊದ್ಲೂ ಆಮ್ಯಾಲೂ. ಬರೇ ಜಾಗ ಹೆಚ್ಚಾಗಿದ್ರ ಕೆಪ್ಯಾಸಿಟೆನ್ಸ್ ಏರ್ತೈತಿ, ಟಾಫೆಲ್ ಸ್ಲೋಪ್ ಅಲ್ಲೇ ಇರ್ತೈತಿ.

ಮತ್ತ ಹಮ್ಮರ್ಸ್ ಮೆಥಡ್ ಅಂದ್ರಿ, ಅದ್ರಾಗ ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಐತಿ. ಮ್ಯಾಂಗನೀಸ್ ಪೂರ್ತಿ ತೊಳದು ಹೋಗಾಂಗಿಲ್ಲ. ಮಾರ್ಟಿನ್ ಪುಮೆರಾ ಅನ್ನೂ ಸಂಶೋಧಕರ ಗುಂಪು 2013ರಾಗ, ಡೋಪ್ ಮಾಡಿದ ಗ್ರಾಫೀನ್‌ದು ಅಂತ ಹೇಳೂ ಆಕ್ಸಿಜನ್ ರಿಡಕ್ಷನ್ ಚಟುವಟಿಕಿ ಹಿಂದ ಈ ಮ್ಯಾಂಗನೀಸ್ ಇರ್ತೈತಿ ಅಂತ ತೋರಿಸ್ತು. ಅದೇ ಗುಂಪು 2020ರಾಗ ಹಕ್ಕಿ ಹಿಕ್ಕಿ ಹಾಕಿ ಗ್ರಾಫೀನ್ ಡೋಪ್ ಮಾಡಿ, ಅದೂ ಸಾದಾ ಗ್ರಾಫೀನ್‌ಗಿಂತ ಚೊಲೋ ಕೆಲಸ ಮಾಡ್ತೈತಿ ಅಂತ ಬರೀತು. ಏನೋ ಒಂದು ಹಾಕಿ ಕರೆಂಟ್ ಏರಿಸೂದು ದೊಡ್ಡ ಮಾತಲ್ಲ, ಯಾಕ ಏರಿತು ಅನ್ನೂದನ್ನ ತೋರಿಸಬೇಕು. ನಮ್ಮ ಮುಧೋಳ ಕಡೆ ಕಬ್ಬಿನ ಸಿಪ್ಪಿ, ರವದಿ ಸುಟ್ಟು ಗ್ರಾಫೀನ್ ಥರದ ಕಾರ್ಬನ್ ಮಾಡೂ ಹುಡುಗರಿಗೂ ಇದನ್ನೇ ಹೇಳ್ತೀನಿ, ಬೂದಿಯೊಳಗ ಸಿಲಿಕಾ, ಪೊಟ್ಯಾಶಿಯಂ, ಕಬ್ಬಿಣ ಎಲ್ಲಾ ಇರ್ತಾವು, ಆ್ಯಸಿಡ್‌ಲೆ ತೊಳದು ಅಳದು ಆಮ್ಯಾಲೆ ಮೆಟಲ್-ಫ್ರೀ ಅನ್ರಿ.

ತೊಳ್ಯಾಕ ಮೊದ್ಲು ಹೈಡ್ರೋಕ್ಲೋರಿಕ್ ಆ್ಯಸಿಡ್, ಆಮ್ಯಾಲೆ ಡೀಅಯನೈಸ್ಡ್ ನೀರು. ಸವಳ ಬೋರಿನ ನೀರು ಹತ್ರ ತರಬ್ಯಾಡ್ರಿ.

ವಿಜಾಪುರ_ಎಲೆಕ್ಟ್ರೋಡ್:
ಭಾಳ ಉಪಕಾರ ಆತ್ರಿ ಇಬ್ರಿಗೂ. ಗ್ರಾಫೈಟ್ ರಾಡ್, ಫ್ರಿಟ್, ಹೊಸಾ ಸೆಲ್, ಸಲ್ಫೇಟ್ ರೆಫರೆನ್ಸ್ ಎಲ್ಲಾ ಹಾಕಿ ಮತ್ತ ರಾತ್ರಿ ಪೂರ್ತಿ ಓಡಿಸಿದೆ. ಸ್ಲೋಪ್ 126, ಮುಂಜಾನೆನೂ 126ರ ಹತ್ರನೇ. ಕೆಪ್ಯಾಸಿಟೆನ್ಸ್ ಸ್ವಲ್ಪ ಏರ್ಯಾದ, ಕರೆಂಟೂ ಅಷ್ಟೇ ಸ್ವಲ್ಪ. ಹಳೇ ಎಲೆಕ್ಟ್ರೋಡಿನ ಕೋಟಿಂಗ್ ಕರಗಿಸಿ, ಅದ್ರಾಗ ಯಾವ ಲೋಹ ಎಷ್ಟದ ಅಂತ ಅಳೆಯೂ ಐಸಿಪಿ-ಎಂಎಸ್‌ಗೆ ಕಳಿಸಿದ್ದೆ, ಪ್ಲಾಟಿನಂ ಸ್ಪಷ್ಟ ಅದ ಅಂತ ರಿಪೋರ್ಟ್ ಬಂತು. ಎಕ್ಸ್‌ಪಿಎಸ್‌ನಾಗ (ಎಕ್ಸ್-ರೇ ಹಾಕಿ ಮೈ ಮ್ಯಾಲಿನ ಧಾತು ನೋಡೂ ಪರೀಕ್ಷೆ) ಇದೇ ಸ್ಯಾಂಪಲ್ ಏನೂ ತೋರಿಸಿದ್ದಿಲ್ಲ.

ಈಗ ಗೈಡ್ ಸರ್‌ಗೆ ಹೆಂಗ ಹೇಳೂದ್ರಿ? ಪ್ರಾಜೆಕ್ಟ್ ಮುಗಿಸಬೇಕಾಗ್ಯದ, ಕೈಯಾಗ ಬರೇ ಈ 400 ಮಿಲಿವೋಲ್ಟ್ ಗ್ರಾಫೀನ್ ಉಳದದ.

ಕುಂದಾನಗರಿ_ವೋಲ್ಟ್:
ಎರಡೂ ಗ್ರಾಫ್ ಒಂದೇ ಹಾಳಿ ಮ್ಯಾಲೆ ಹಾಕ್ರಿ, ಪ್ಲಾಟಿನಂ ಕೌಂಟರಿಂದು ಒಂದು, ಗ್ರಾಫೈಟಿಂದು ಒಂದು, ಬಾಜೂಕ ಐಸಿಪಿ ರಿಪೋರ್ಟ್. ಅದನ್ನ ನೋಡಿದ ಯಾವ ಸರ್ರೂ ಇಲ್ಲ ಅನ್ನಾಂಗಿಲ್ಲ. ಎಕ್ಸ್‌ಪಿಎಸ್‌ನಾಗ ಕಾಣದ್ದು ಐಸಿಪಿಯಾಗ ಕಂಡೈತಿ ಅನ್ನೂದು ನಿಮ್ಮ ಪ್ರಾಜೆಕ್ಟಿನ ಗಟ್ಟಿ ಅಧ್ಯಾಯ ಆಗ್ತೈತಿ, ಬಿಡಬ್ಯಾಡ್ರಿ.

ಮಾಡಿದ ಮಾಲು ದಂಡ ಆಗಿಲ್ಲ. ಅದನ್ನ 0.1 ಮೋಲಾರ್ ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಾಗ ಆಕ್ಸಿಜನ್ ರಿಡಕ್ಷನ್‌ಗೆ ಹಾಕಿ ನೋಡ್ರಿ, ಫ್ಯೂಯೆಲ್ ಸೆಲ್, ಝಿಂಕ್-ಏರ್ ಬ್ಯಾಟರಿಗೆ ಬೇಕಾಗೂ ರಿಯಾಕ್ಷನ್ ಅದು. ಲಿಮಿಂಗ್ ದಾಯಿ ಅವರ ಗುಂಪು 2010ರಾಗ ನೈಟ್ರೋಜನ್ ಗ್ರಾಫೀನ್ ತೋರಿಸಿದ್ದೂ ಅಲ್ಕಲಿ ಒಳಗನ. ಮ್ಯಾಂಗನೀಸ್ ಎಷ್ಟೈತಿ ಅನ್ನೂದನ್ನ ಮಾತ್ರ ಮೊದ್ಲೇ ಐಸಿಪಿಯಿಂದ ತಿಳ್ಕೊಂಡಿರ್ರಿ. ರೆಫರೆನ್ಸ್ ಮರ್ಕ್ಯುರಿ-ಮರ್ಕ್ಯುರಿಕ್ ಆಕ್ಸೈಡ್, ಕೌಂಟರ್ ಅದೇ ಗ್ರಾಫೈಟ್. ಹೈಡ್ರಾಕ್ಸೈಡನ್ನ ಗಾಜಿನ ಬಾಟ್ಲಿಯಾಗ ಇಡಬ್ಯಾಡ್ರಿ, ಗಾಜು ತಿಂದು ಅದ್ರೊಳಗಿನ ಕಲ್ಮಶ ಎಳಕೊಂತೈತಿ, ಪ್ಲಾಸ್ಟಿಕ್ ಬಾಟ್ಲಿ ಇರ್ಲಿ.

ಕೋಟಿಂಗ್ ಏಳೂದಕ್ಕ: 5 ಮಿಲಿಗ್ರಾಂ ಪುಡಿ, ನೀರು ಮತ್ತ ಐಸೋಪ್ರೊಪೈಲ್ ಆಲ್ಕೋಹಾಲ್ ಮೂರಕ್ಕ ಒಂದರಂಗ ಕೂಡ್ಸಿ 1 ಮಿಲಿಲೀಟರ್, 5 ಪರ್ಸೆಂಟ್ ನಾಫಿಯಾನ್ (ಪುಡಿ ಹಿಡಿದಿಡೂ ಪಾಲಿಮರ್) 30 ಮೈಕ್ರೋಲೀಟರ್, ಅರ್ಧಾ ತಾಸು ಸೋನಿಕೇಟ್ ಮಾಡ್ರಿ, ನೀರು ಬಿಸಿ ಆಗದಂಗ ಐಸ್ ಹಾಕ್ರಿ. ಇದ್ರಾಗ 5 ಮೈಕ್ರೋಲೀಟರ್ ಹಾಕಿದ್ರ 3 ಮಿಲಿಮೀಟರ್ ಎಲೆಕ್ಟ್ರೋಡಿಗೆ ಚದರ ಸೆಂಟಿಮೀಟರಿಗೆ ಸುಮಾರು 0.35 ಮಿಲಿಗ್ರಾಂ ಆಗ್ತೈತಿ, ಅದಕ್ಕಿಂತ ದಪ್ಪ ಹಚ್ಚಬ್ಯಾಡ್ರಿ. ನಿಮ್ಮ ವಿಜಾಪುರ ಬ್ಯಾಸಗಿಯೊಳಗ ಫ್ಯಾನ್ ಕೆಳಗ ಇಟ್ರ ಹನಿ ಗಡಬಡಿಸಿ ಒಣಗಿ, ಚಾ ಕಪ್ಪಿನ ಕಲಿ ಹಂಗ ಅಂಚಿಗೇ ಎಲ್ಲಾ ಸೇರ್ತೈತಿ, ಗುಳ್ಳಿ ಬಂದಾಗ ಅಲ್ಲಿಂದನೇ ಏಳೂದು. ಹನಿ ಮ್ಯಾಲೆ ಬೀಕರ್ ಬೋರಲ ಹಾಕಿ ನಿಧಾನ ಒಣಗಿಸ್ರಿ. ರೊಟೇಟಿಂಗ್ ಎಲೆಕ್ಟ್ರೋಡ್ ಇದ್ರ 1600 ಆರ್‌ಪಿಎಂಗೆ ತಿರುಗಿಸ್ರಿ, ಗುಳ್ಳಿ ಕೂಡಾಂಗಿಲ್ಲ.

ವಿಜಾಪುರ_ಎಲೆಕ್ಟ್ರೋಡ್:
ಸರ್ ಗ್ರಾಫ್ ನೋಡಿ ಒಪ್ಕೊಂಡ್ರಿ ಅಣ್ಣಾರ, ಅಲ್ಕಲಿ ಒಳಗ ಶುರು ಮಾಡು ಅಂದ್ರು. ಬೀಕರ್ ಬೋರಲ ಹಾಕಿ ಒಣಗಿಸಿದ ಕೋಟಿಂಗ್ ಒಂದೇ ಸಮ ಬಂದದ, ಏಳಲಿಲ್ಲ. ಗ್ರಾಫೈಟ್ ಇರೂ ಕೊಳವಿಯೊಳಗ ಮಾತ್ರ ತಳಕ್ಕ ಕರಿ ಪುಡಿ ಬೀಳ್ತದ, ಅದೇನೂ ತೊಂದ್ರಿ ಇಲ್ಲೇನ್ರಿ?

ಘಟಪ್ರಭಾ_ದಂಡಿ:
ಅದು ರಾಡ್ ಸವೆಯೂದು, ಅಷ್ಟು ಪಾಸಿಟಿವ್ ಹೋದಾಗ ಕಾರ್ಬನ್ನೂ ಆಕ್ಸಿಡೈಜ್ ಆಗಿ ಉದುರ್ತೈತಿ. ಫ್ರಿಟ್ ಇರೂದೇ ಅದಕ್ಕ. ಒಂದೊಂದು ಲಾಂಗ್ ರನ್ ಮುಗಿದ ಕೂಡ್ಲೆ ಆ ಕೊಳವಿ ಲಿಕ್ವಿಡ್ ಚೆಲ್ಲಿ ಹೊಸಾದು ಹಾಕ್ರಿ, ಪುಡಿ ಫ್ರಿಟ್‌ನಾಗ ತುಂಬ್ಕೊಂಡ್ರ ವೋಲ್ಟೇಜ್ ಏರಿ ಪೊಟೆನ್ಶಿಯೊಸ್ಟಾಟ್ (ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯೂ ಯಂತ್ರ) ಓವರ್‌ಲೋಡ್ ತೋರಿಸ್ತೈತಿ.