ಏಳನೇ ಕ್ಲಾಸಿಗೇ ಸಾಕು ಅಂತಿದ್ದಾನೆ ಅಣ್ಣ, ಒಪ್ಪಿಸೋದು ಹೇಗೆ?

ದೇವದುರ್ಗದ ಅತ್ತೆ:
ನಮ್ಮೂರ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತದೆ. ಹೈಸ್ಕೂಲು ಆರು ಕಿಲೋಮೀಟರ್ ದೂರ. ಅಣ್ಣನ ಮಗಳು ಈ ಸಲ ಏಳು ಪಾಸಾಗಿದ್ದಾಳೆ, ಬಲು ಚುರುಕು, ಅತ್ತಿಗೆಯ ಸಂಘದ ಪುಸ್ತಕದಲ್ಲಿ ಎಷ್ಟು ಕಟ್ಟಿದೆ, ಎಷ್ಟು ಬಾಕಿ ಇದೆ ಅಂತ ಓದಿ ಹೇಳುವವಳೂ ಅವಳೇ. ಆದರೆ ಅಣ್ಣ ಇನ್ನು ಸಾಕು ಅಂತ ಕೂತಿದ್ದಾನೆ. ಬೆಳಿಗ್ಗೆ ಬಸ್ ಇದೆ, ಸಂಜೆ ಶಾಲೆ ಬಿಟ್ಟ ಮೇಲೆ ಎರಡು ತಾಸು ಏನೂ ಇಲ್ಲ. ಕತ್ತಲಾದ ಮೇಲೆ ಹುಡುಗಿ ಬರಬೇಕಲ್ಲ ಅಂತ ಅತ್ತಿಗೆಗೆ ಭಯ. ಹೋದ ವರ್ಷ ಹತ್ತಿ ಬಿಡಿಸೋ ಸೀಸನ್‌ನಲ್ಲಿ ಶಾಲೆ ತಪ್ಪಿಸಿ ಟಂಟಂ ಹತ್ತಿಸಿ ಕೂಲಿಗೆ ಕಳಿಸಿದ್ದರು. ಈ ಸಲ ಪೂರ್ತಿ ಬಿಡಿಸಿಬಿಡುತ್ತಾರೆ ಅನ್ನಿಸುತ್ತಿದೆ. ಅಣ್ಣ ಕೆಟ್ಟವನಲ್ಲ, ಮಗಳ ಮೇಲೆ ಜೀವ. ಜಗಳ ಆಗದಂಗೆ ಏನು ಮಾಡಬಹುದು?

ಕುಷ್ಟಗಿ ಟೀಚರ್:
ಅಕ್ಕಾ, ಮೊದಲು ಜೂನ್ ದಾಟಲು ಬಿಡಬೇಡಿ. ಶಾಲೆ ಶುರುವಾದ ಮೇಲೆ ಒಂದು ತಿಂಗಳು ಮನೆಯಲ್ಲಿ ಕೂತ ಹುಡುಗಿ ಮತ್ತೆ ಬರೋದು ಬಹಳ ಕಷ್ಟ, ನಾನು ಕಣ್ಣಾರೆ ನೋಡುತ್ತಿರುತ್ತೇನೆ. 6ರಿಂದ 14 ವರ್ಷದವರೆಗೆ ಶಿಕ್ಷಣ ಮಗುವಿನ ಹಕ್ಕು, 2010ರಿಂದ ಕಾಯ್ದೆ ಜಾರಿಯಲ್ಲಿದೆ. ಅಂದರೆ ಎಂಟನೇ ಕ್ಲಾಸೂ ಅದರಲ್ಲೇ ಬರುತ್ತದೆ. ಟಿಸಿ ಇನ್ನೂ ಸಿಕ್ಕಿಲ್ಲ ಅಂತ ಸರ್ಕಾರಿ ಶಾಲೆಯಲ್ಲಿ ದಾಖಲಾತಿ ನಿಲ್ಲಿಸುವಂತಿಲ್ಲ, ಮೊದಲು ಸೇರಿಸಿ, ಆಮೇಲೆ ಟಿಸಿ ತಂದುಕೊಡಿ.

ಬಸ್ ತೊಂದರೆಗೆ ಸದ್ಯದ ದಾರಿ ಅಂದರೆ ತಾಲ್ಲೂಕಿನಲ್ಲಿರುವ ಮೆಟ್ರಿಕ್ ಪೂರ್ವ ಬಾಲಕಿಯರ ಹಾಸ್ಟೆಲ್. ಕಸ್ತೂರಬಾ ವಸತಿ ಶಾಲೆಯನ್ನೂ ವಿಚಾರಿಸಿ, ಆದರೆ ಕೆಲವು ಎಂಟನೇ ಕ್ಲಾಸಿಗೇ ಮುಗಿಯುತ್ತವೆ. ಅಂಥದ್ದಾದರೆ ಒಂದೇ ವರ್ಷಕ್ಕೆ ಮತ್ತೆ ಇದೇ ಚಿಂತೆ. ಹತ್ತನೇ ಕ್ಲಾಸಿನವರೆಗೆ ಇರಬಹುದಾದ ಹಾಸ್ಟೆಲ್ ವಾಸಿ. ಮಧ್ಯೆ ಮದುವೆ ಮಾತು ಬಂದರೆ ಮಾತ್ರ ಸುಮ್ನೆ ಇರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಸಿಂಧನೂರು ಹುಡುಗಿ:
ನಮ್ಮಪ್ಪನೂ ಹೀಗೇ ಇದ್ದರು. ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ನಮ್ಮ ಸೋದರಮಾವ ಮಾತು ಬಿಟ್ಟು ಅಪ್ಪನನ್ನು ನೇರ ಹಾಸ್ಟೆಲಿಗೇ ಕರೆದುಕೊಂಡು ಹೋದರು. ಅಪ್ಪ ಬಾತ್‌ರೂಮಿನ ಚಿಲಕ ಹಾಕಿ, ತೆಗೆದು ನೋಡಿದರು. ಕಾಂಪೌಂಡ್ ಸುತ್ತ ನಡೆದರು. ರಾತ್ರಿ ಇಲ್ಲಿ ಯಾರಿರುತ್ತಾರೆ, ಹುಡುಗಿ ಹೊರಗೆ ಹೋದರೆ ಎಲ್ಲಿ ಬರೆಯುತ್ತಾರೆ ಅಂತ ಕೇಳಿದರು, ವಾರ್ಡನ್ ರಿಜಿಸ್ಟರ್ ತೆಗೆದು ತೋರಿಸಿದರು. ಅಲ್ಲಿಂದಲೇ ಫಾರ್ಮ್ ತಂದರು. ಓದು ಎಷ್ಟು ಮುಖ್ಯ ಅಂತ ಅಪ್ಪಂದಿರಿಗೆ ಗೊತ್ತಿರುತ್ತದೆ ಅಕ್ಕಾ. ಮಗಳು ಎಲ್ಲಿ ಮಲಗುತ್ತಾಳೆ ಅನ್ನೋದೇ ಅವರ ಚಿಂತೆ, ಅದಕ್ಕೆ ಉತ್ತರ ಕೊಡಿ.

ಬಳ್ಳಾರಿ ಓದುಗ:
ಹಾಸ್ಟೆಲ್ ಸರಿ, ಆದರೆ ಬಸ್ ಕೇಳೋದನ್ನು ಬಿಡಬೇಡಿ. ನಿಮ್ಮ ಅಣ್ಣನ ಮಗಳು ಹಾಸ್ಟೆಲ್ ಸೇರಿದರೂ ಪಕ್ಕದ ಮನೆ ಹುಡುಗಿಗೆ ಸಂಜೆ ಬಸ್ ಇರೋದಿಲ್ಲ ಅಲ್ವಾ? 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಗಂಡಸರಲ್ಲಿ ಓದು ಬಲ್ಲವರು ಶೇ 70ರಷ್ಟು, ಹೆಂಗಸರಲ್ಲಿ ಶೇ 49ರಷ್ಟು. ಈ ಅಂತರ ಇಂಥ ಸಂಜೆಗಳಲ್ಲೇ ಹುಟ್ಟುತ್ತದೆ ಅಂತ ನನ್ನ ನಂಬಿಕೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಖರ್ಚಿಲ್ಲ, ಆದರೆ ಬಸ್ಸೇ ಬಾರದಿದ್ದರೆ ಏನು ಉಪಯೋಗ? ಹೈಸ್ಕೂಲಿಗೆ ಹೋಗುವ ಹುಡುಗಿಯರ ಹೆಸರು ಬರೆದು, ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯವರ ಸಹಿ ಹಾಕಿಸಿ, ಪಂಚಾಯಿತಿ ಪತ್ರದ ಜೊತೆ ಡಿಪೊಗೆ ಕೊಡಿ. ಸ್ವೀಕೃತಿ ಹಾಕಿಸಿಕೊಳ್ಳಿ. ಮಕ್ಕಳ ಗ್ರಾಮ ಸಭೆ ನಡೆದಾಗ ಹುಡುಗಿಯರೇ ಎದ್ದು ನಿಂತು ಕೇಳಲಿ, ಅದು ದಾಖಲಾಗುತ್ತದೆ.

ದೇವದುರ್ಗದ ಅತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಓಣಿಯಲ್ಲಿ ಇನ್ನೂ ಮೂವರು ಹುಡುಗಿಯರು ಏಳು ಮುಗಿಸಿದ್ದಾರೆ, ಅವರ ಅಪ್ಪಂದಿರನ್ನೂ ಹಾಸ್ಟೆಲ್ ನೋಡಲು ಕರೆಯುತ್ತೇನೆ, ಜೊತೆಗೆ ಜನ ಇದ್ದರೆ ಅಣ್ಣನಿಗೂ ಧೈರ್ಯ. ಟೀಚರ್, ಹಾಸ್ಟೆಲ್ ಅರ್ಜಿಗೆ ಜಾತಿ ಆದಾಯ ಪತ್ರ ಯಾರ ಹೆಸರಲ್ಲಿ ಮಾಡಿಸಬೇಕು?

ಕುಷ್ಟಗಿ ಟೀಚರ್:
ಮಗಳ ಹೆಸರಲ್ಲೇ ಮಾಡಿಸಿ ಅಕ್ಕಾ, ನಾಡಕಚೇರಿಯಲ್ಲಿ. ಆಧಾರ್‌ನಲ್ಲಿ ಮತ್ತು ಶಾಲೆಯ ದಾಖಲೆಯಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿ, ಜಾಸ್ತಿ ಅರ್ಜಿ ಸಿಕ್ಕಿಹಾಕಿಕೊಳ್ಳೋದು ಅಲ್ಲೇ.