ಜಿಪ್ಸಿಗೆ ಎಕ್ಸ್‌ಟ್ರಾ ಲೈಟ್: ಮಂಜು, ಮಳೆ, ತೋಟದ ರಸ್ತೆಗೆ ಯಾವುದು ಸರಿ?

ತೋಟದ_ಗಾಡಿ:
ಗಾಡಿ ಮಾರುತಿ ಜಿಪ್ಸಿ ಕಿಂಗ್, 1.3 ಪೆಟ್ರೋಲ್. ಓಡಾಟ ಬಹುಪಾಲು ಸಕಲೇಶಪುರ ಕಡೆಯ ತೋಟದ ರಸ್ತೆಗಳಲ್ಲಿ, ಮಳೆಗಾಲದಲ್ಲಿ ಬಿಸಿಲೆ ಘಾಟ್, ನಡುವೆ ಅಪರೂಪಕ್ಕೆ ರಾತ್ರಿ ಹೈವೇ. ಹೆಡ್‌ಲೈಟ್ ಕಂಪನಿಯದೇ, ಏಳಿಂಚಿನ ದುಂಡು ಲೈಟು, ಎಚ್4 60/55 ಬಲ್ಬು (ಹೈಬೀಮಿಗೆ 60, ಲೋಬೀಮಿಗೆ 55 ವ್ಯಾಟ್). ಸಾಲುತ್ತಿಲ್ಲ.

ಅಂಗಡಿಯವರು 50 ಇಂಚಿನ ಎಲ್‌ಇಡಿ ಬಾರ್ ತೋರಿಸಿ ಟಾಪ್ ಮೇಲೆ ಹಾಕಿಸಿ ಅಂತಿದ್ದಾರೆ. ಡಬ್ಬದ ಮೇಲೆ 288 ವ್ಯಾಟ್ ಅಂತಿದೆ. ಅದು ಬೇಡವಾದರೆ ಬಂಪರ್ ಮೇಲೆ ಎರಡು ಲೈಟ್ ಸಾಕಾ? ಹಳದಿಯೋ ಬಿಳಿಯೋ? ಬರೀ 100/90 ಬಲ್ಬು ಬದಲಿಸಿದರೆ ಆಗಲ್ವಾ? ವೈರಿಂಗ್ ನಾನೇ ಮಾಡಿಕೊಳ್ಳುವ ಯೋಚನೆ.

ಲಕ್ಸ್_ಲೆಕ್ಕ:
ಮೊದಲು ನಿಮ್ಮ ವೇಗ ನೋಡಿ. ತೋಟದ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಅಲ್ಲಿ 400 ಮೀಟರ್ ದೂರ ಬೆಳಕು ಹೋಗಿ ಏನು ಪ್ರಯೋಜನ? ಮುಂದಿನ ತಿರುವೇ 30 ಮೀಟರಿನಲ್ಲಿರುತ್ತೆ. ನಿಮಗೆ ಬೇಕಿರೋದು ಅಗಲ: ತಿರುವಿನ ಒಳಬದಿ, ಚರಂಡಿ, ಪಕ್ಕದ ದಿಬ್ಬ ಕಾಣಬೇಕು. ಸ್ಪಾಟ್ ಲೈಟಿನ ಕಿರಣ 8–10 ಡಿಗ್ರಿ ಅಷ್ಟೇ, ಅದು ಮರುಭೂಮಿ ರ‍್ಯಾಲಿಯವರಿಗೆ. ನಿಮಗೆ ಅಡ್ಡಕ್ಕೆ 40 ಡಿಗ್ರಿ ಆಸುಪಾಸು ಹರಡುವ ಡ್ರೈವಿಂಗ್ ಅಥವಾ ಕಾಂಬೊ (ದೂರ, ಅಗಲ ಎರಡೂ ಸೇರಿದ) ಬೀಮ್ ಒಂದು ಜೊತೆ, ಕೆಳಗೆ ಫಾಗ್ ಲೈಟ್ ಒಂದು ಜೊತೆ.

ಟಾಪ್ ಮೇಲಿನ ಬಾರ್ ಬೇಡ. ಅದರ ಬೆಳಕು ಮೊದಲು ಬಾನೆಟ್ ಮೇಲೇ ಬಿದ್ದು ನಿಮ್ಮ ಕಣ್ಣಿಗೆ ವಾಪಸ್ ಬರುತ್ತೆ, ಕಣ್ಣಿನ ಪಾಪೆ ಕಿರಿದಾಗಿ ದೂರದ್ದು ಇನ್ನೂ ಕಪ್ಪಾಗುತ್ತೆ. ಮಂಜಲ್ಲಂತೂ ನಿಮ್ಮ ನೋಟವೂ ಬೆಳಕೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಹೋಗೋದರಿಂದ ಎದುರಿಗೆ ಬಿಳಿ ಗೋಡೆ ಕಟ್ಟಿದ ಹಾಗೆ. ಇನ್ನೊಂದು ತೊಂದರೆಯನ್ನು ಅಂಗಡಿಯವರು ಹೇಳಲ್ಲ: ಮೇಲಿಂದ ಬಿದ್ದ ಬೆಳಕಿಗೆ ಗುಂಡಿಯ ನೆರಳು ಸಣ್ಣದಾಗಿ ಆಳ ಗೊತ್ತಾಗಲ್ಲ. ಬಂಪರ್ ಎತ್ತರದ ಲೈಟಿಗೆ ಗುಂಡಿಯ ನೆರಳು ಉದ್ದ ಬೀಳುತ್ತೆ, ಹತ್ತು ಮಾರು ಮುಂಚೆಯೇ ಕಾಣುತ್ತೆ.

288 ವ್ಯಾಟ್ ಹೇಗೆ ಬಂತು ಅಂದರೆ, 96 ಎಲ್‌ಇಡಿ ಎಣಿಸಿ ಮೂರರಿಂದ ಗುಣಿಸಿದ್ದಾರೆ. ಅಂಗಡಿಯಲ್ಲೇ ಡಿಸಿ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಆಂಪಿಯರ್ ಅಳೆಯೋದು) ಹಾಕಿಸಿ. ನಿಜಕ್ಕೂ 288 ಇದ್ದರೆ 13.5 ವೋಲ್ಟಿಗೆ 21 ಆಂಪಿಯರ್ ಎಳೀಬೇಕು. ಎಂಟು ತೋರಿಸಿದರೆ ಅದು 108 ವ್ಯಾಟಿನ ಬಾರ್. ಹಚ್ಚಿದ ಕೂಡಲೇ ಒಮ್ಮೆ, ಹದಿನೈದು ನಿಮಿಷ ಬಿಟ್ಟು ಒಮ್ಮೆ ನೋಡಿ. ಹಿಂಬದಿಯ ಅಲ್ಯುಮಿನಿಯಂ ತೆಳುವಾಗಿದ್ದರೆ ಬಿಸಿಯಾದಂತೆ ಬೆಳಕು ಇಳಿಯುತ್ತೆ. ಡಬ್ಬದ ಮೇಲೆ ಲ್ಯೂಮೆನ್ (ಒಟ್ಟು ಬೆಳಕು) ಎಷ್ಟೇ ಬರೆದಿರಲಿ, ಅದು ಎಲ್ಲಿ ಬೀಳುತ್ತೆ ಅಂತ ಹೇಳಲ್ಲ. ಒಳ್ಳೆ ಕಂಪನಿಗಳು ಬೀಮ್ ಪ್ಯಾಟರ್ನ್ ಚಿತ್ರ ಕೊಡುತ್ತವೆ, ಎಷ್ಟು ಮೀಟರಿನಲ್ಲಿ 1 ಲಕ್ಸ್ (ಬಿದ್ದ ಜಾಗದಲ್ಲಿನ ಬೆಳಕಿನ ಅಳತೆ) ಅಂತ ಬರೆದಿರುತ್ತವೆ. ಆದರೆ 1 ಲಕ್ಸ್ ಅಂದರೆ ಹುಣ್ಣಿಮೆ ಬೆಳದಿಂಗಳ ಕೆಲವು ಪಟ್ಟು, ಅಷ್ಟೇ. ದುಪ್ಪಟ್ಟು ದೂರಕ್ಕೆ ಅದೇ ಬೆಳಕು ಬೇಕಾದರೆ ನಾಲ್ಕು ಪಟ್ಟು ಕ್ಯಾಂಡೆಲಾ (ಕಿರಣದ ತೀವ್ರತೆ) ಬೇಕು.

100/90 ಬಲ್ಬು ಬೇಡವೇ ಬೇಡ. ಎರಡೂ ಸೇರಿ ಹೈಬೀಮಿಗೆ 15 ಆಂಪಿಯರ್. ಹಳೆ ವೈರಿಂಗಲ್ಲಿ ಮೊದಲು ಎಚ್4 ಕನೆಕ್ಟರ್ ಕರಗುತ್ತೆ, ಆಮೇಲೆ ಡಿಪ್ಪರ್ ಸ್ವಿಚ್. ಹ್ಯಾಲೊಜನ್ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬು ತುರುಕೋದೂ ಬೇಡ. ಫಿಲಮೆಂಟ್ ಇರಬೇಕಾದ ಜಾಗದಲ್ಲಿ ಚಿಪ್ ಕೂರದಿದ್ದರೆ ಲೋಬೀಮಿನ ಕಟಾಫ್ (ಬೆಳಕು ಅದರ ಮೇಲೆ ಹೋಗದ ಗೆರೆ) ಹೋಗಿ ಬೆಳಕೆಲ್ಲ ಎದುರಿನವರ ಕಣ್ಣಿಗೆ.

ಮಂಜಿನದಾರಿ:
ಹಳದಿ ಮಂಜನ್ನು ಸೀಳಿಕೊಂಡು ಹೋಗುತ್ತೆ ಅನ್ನೋದು ಸುಳ್ಳು ಮಾರಾಯ್ರೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಎಲ್ಲಾ ಬಣ್ಣವನ್ನೂ ಸರಿಸುಮಾರು ಒಂದೇ ಥರ ಚದುರಿಸುತ್ತೆ. ಆದರೂ ಹಳದಿಯೇ ತಗೊಳ್ಳಿ. ಅದರಲ್ಲಿ ನೀಲಿ ಕಡಿಮೆ, ವಾಪಸ್ ಬರೋ ಬೆಳಕು ಕಣ್ಣಿಗೆ ಅಷ್ಟು ಚುಚ್ಚಲ್ಲ, ಎರಡು ಗಂಟೆ ಘಾಟ್ ಓಡಿಸಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತೆ. 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸು ಸರಿ. ಡ್ರೈವಿಂಗ್ ಲೈಟುಗಳಿಗೆ 4300ರಿಂದ 5000. 6500 ಅಂದರೆ ನೀಲಿ ಛಾಯೆ, ಒದ್ದೆ ಟಾರ್ ರಸ್ತೆ ಮೇಲೆ ಬಿದ್ದದ್ದೇ ಕಾಣಲ್ಲ.

ಬಣ್ಣಕ್ಕಿಂತ ಮುಖ್ಯ ಕಟಾಫ್ ಮತ್ತು ಎತ್ತರ. ಗೋಡೆ ಮೇಲೆ ಬಿಟ್ಟಾಗ ಮೇಲಂಚು ಚಾಕುವಿನಿಂದ ಕೊಯ್ದ ಹಾಗೆ ನೇರ ಇರಬೇಕು, ಇಲ್ಲದಿದ್ದರೆ ಅದು ಹಳದಿ ಬಣ್ಣದ ಫ್ಲಡ್ ಲೈಟ್, ಫಾಗ್ ಲೈಟ್ ಅಲ್ಲ. ಹ್ಯಾಲೊಜನ್ ಆದರೂ ಪರವಾಗಿಲ್ಲ ಅನ್ನೋದಾದರೆ ಹೆಲ್ಲಾ ಕಾಮೆಟ್ 500ರ ಫಾಗ್ ಮಾದರಿ (ಎಚ್3, 55 ವ್ಯಾಟ್) ಹಳೇ ನಂಬಿಕಸ್ಥ. ಅದರಲ್ಲೇ ಡ್ರೈವಿಂಗ್ ಮಾದರಿಯೂ ಉಂಟು, ಗಾಜಿನ ಗೆರೆ ನೋಡಿ ತಗೊಳ್ಳಿ.

ಸೆಟ್ಟಿಂಗ್: ಸಮತಟ್ಟು ಜಾಗ, ಗೋಡೆಯಿಂದ ಏಳೂವರೆ ಮೀಟರ್, ಟಯರ್ ಗಾಳಿ ಸರಿ ಇರಲಿ, ಗಾಡಿಯಲ್ಲಿ ಎಂದಿನ ಭಾರ ಇರಲಿ. ಲೈಟಿನ ನಡುಮಧ್ಯದ ಎತ್ತರ ಗೋಡೆ ಮೇಲೆ ಗುರುತು ಹಾಕಿ, ಕಟಾಫ್ ಅದಕ್ಕಿಂತ 10 ಸೆಂ.ಮೀ. ಕೆಳಗೆ ಕೂರಿಸಿ. ಲೈಟ್ ನೆಲದಿಂದ 50 ಸೆಂ.ಮೀ. ಇದ್ದರೆ ಬೆಳಕು 37 ಮೀಟರಿನಲ್ಲಿ ನೆಲ ಮುಟ್ಟುತ್ತೆ. ಹಿಂದೆ ಗೊಬ್ಬರದ ಮೂಟೆ ಹೇರಿದ ದಿನ ಮೂತಿ ಮೇಲೇಳುತ್ತೆ, ಅದು ನೆನಪಿರಲಿ. ದಟ್ಟ ಮಂಜಲ್ಲಿ ಹೈಬೀಮ್, ಡ್ರೈವಿಂಗ್ ಲೈಟ್ ಎರಡೂ ಆರಿಸಿ.

ರಿಲೇ_85_86:
ಏನನ್ನಾದರೂ ಕೊಳ್ಳೋ ಮುಂಚೆ ಮಲ್ಟಿಮೀಟರ್ ಹಿಡೀರಿ. ಎಂಜಿನ್ ಓಡ್ತಿರಲಿ, ಹೈಬೀಮ್ ಹಾಕಿ, ಬ್ಯಾಟರಿ ಟರ್ಮಿನಲ್‌ನಲ್ಲಿ ಎಷ್ಟು ವೋಲ್ಟ್, ಬಲ್ಬಿನ ಎರಡು ಪಿನ್ ನಡುವೆ ಎಷ್ಟು, ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ಹೆಡ್‌ಲೈಟಿಗೇ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸೋ ಸ್ವಿಚ್) ಹಾಕಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತೆ.

ಎಕ್ಸ್‌ಟ್ರಾ ಲೈಟಿಗೆ: 12 ವೋಲ್ಟ್ 40 ಆಂಪಿಯರ್ ನಾಲ್ಕು ಪಿನ್ ರಿಲೇ, ಪ್ರತಿ ಜೊತೆಗೂ ಬೇರೆ ಬೇರೆ. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್ನಿಗೆ. 87ನೇ ಪಿನ್ನಿಂದ ಲೈಟಿಗೆ. ನಿಜವಾದ 40 ವ್ಯಾಟಿನ ಎರಡು ಎಲ್‌ಇಡಿ ಅಂದರೆ 6 ಆಂಪಿಯರ್, 10ರ ಫ್ಯೂಸ್, 1.5 ಚದರ ಮಿ.ಮೀ. ವೈರ್. 55ರ ಎರಡು ಹ್ಯಾಲೊಜನ್ನಿಗೆ 8 ಆಂಪಿಯರ್ ಮೇಲೆ, 15ರ ಫ್ಯೂಸ್, 2.5ರ ವೈರ್. ಫ್ಯೂಸ್ ಪದೇ ಪದೇ ಹೋಯ್ತು ಅಂತ 30ರದ್ದು ಹಾಕಬೇಡಿ. ಅದು ಇರೋದು ವೈರ್ ಉಳಿಸೋಕೆ, ಲೈಟ್ ಉಳಿಸೋಕಲ್ಲ. ಅರ್ಥ್ (ನೆಗೆಟಿವ್) ವೈರನ್ನು, ಪೇಂಟ್ ಕೆರೆದು, ಚಾಸಿಗೆ ಬಿಗಿಯಿರಿ, ಬಂಪರಿಗೆ ಬೇಡ. ಬಂಪರ್ ಬೋಲ್ಟ್ ತುಕ್ಕು ಹಿಡಿದ ದಿನ ಲೈಟ್ ಮಿಣಮಿಣ ಅನ್ನುತ್ತೆ. ವೈರ್ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲಕ್ಕೆ ಹಸಿರಾಗುತ್ತೆ. ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಕೂಡಿಸಿ), ಒಳಗೆ ಗೋಂದಿರುವ ಹೀಟ್‌ಶ್ರಿಂಕ್ (ಬಿಸಿಗೆ ಬಿಗಿಯಾಗೋ ಕೊಳವೆ) ಹಾಕಿ.

ಡ್ರೈವಿಂಗ್ ಲೈಟಿನ ಟ್ರಿಗರ್ (ರಿಲೇಯನ್ನು ಎಳೆಸೋ ವೈರ್) ಹೈಬೀಮಿನಿಂದಲೇ ತಗೊಳ್ಳಿ, ನಡುವೆ ಡ್ಯಾಶ್‌ನಲ್ಲಿ ಒಂದು ಸ್ವಿಚ್. ಡಿಪ್ ಮಾಡಿದರೆ ಎಲ್ಲ ಒಟ್ಟಿಗೆ ಆರುತ್ತೆ.

ತೋಟದ_ಗಾಡಿ:
ಅಳೆದೆ. ಬ್ಯಾಟರಿಯಲ್ಲಿ 13.8, ಬಲ್ಬಿನಲ್ಲಿ 12.4. ಮನೆಯಲ್ಲಿದ್ದ ಹಳೇ ಜೊತೆ ಲೈಟನ್ನು ನೀವು ಹೇಳಿದ ಹಾಗೆ ರಿಲೇ ಹಾಕಿ ಪರೀಕ್ಷೆಗೆ ಕಟ್ಟಿದೆ: ರಿಲೇ ಕಾಯಿಲ್ಲಿನ ಎರಡು ಪಿನ್ನಲ್ಲಿ 86 ಹೈಬೀಮ್ ವೈರಿಗೆ, 85 ಅರ್ಥಿಗೆ. ಲೋಬೀಮಲ್ಲಿ ಉರಿಯುತ್ತೆ, ಹೈಬೀಮ್ ಹಾಕಿದರೆ ಆರುತ್ತೆ! ರಿಲೇ ಬದಲಿಸಿದರೂ ಅದೇ.

ರಿಲೇ_85_86:
ರಿಲೇ ಸರಿಯಾಗೇ ಇದೆ. ನಿಮ್ಮ ಗಾಡಿಯ ಡಿಪ್ಪರ್ ಪಾಸಿಟಿವ್ ಬದಲಿಸಲ್ಲ, ಅರ್ಥ್ ಬದಲಿಸುತ್ತೆ. ಜಪಾನಿ ವಿನ್ಯಾಸದ ಹಳೇ ಗಾಡಿಗಳಲ್ಲಿ ಇದು ಸಾಮಾನ್ಯ. ಎಚ್4ರ ಕಾಮನ್ ಪಿನ್ನಿಗೆ 12 ವೋಲ್ಟ್ ಬಂದಿರುತ್ತೆ, ಡಿಪ್ಪರ್ ಬೇಕಾದ ಫಿಲಮೆಂಟನ್ನು ಅರ್ಥಿಗೆ ಕೂಡಿಸುತ್ತೆ. ಲೋಬೀಮ್ ಇದ್ದಾಗ ಕರೆಂಟು ಕಾಮನ್‌ನಿಂದ ಹೈ ಫಿಲಮೆಂಟ್ ದಾಟಿ ನಿಮ್ಮ ರಿಲೇ ಕಾಯಿಲ್ ಮೂಲಕ ಅರ್ಥಿಗೆ ಹೋಗ್ತಿದೆ. ಕಾಯಿಲ್ಲಿಗೆ ಬೇಕಿರೋದು ಸುಮಾರು 0.15 ಆಂಪಿಯರ್ ಮಾತ್ರ, ಅಷ್ಟಕ್ಕೆ ಫಿಲಮೆಂಟ್ ಕೆಂಪಗೂ ಆಗಲ್ಲ, ರಿಲೇ ಮಾತ್ರ ಎಳೆದುಕೊಳ್ಳುತ್ತೆ. ಹೈಬೀಮ್ ಹಾಕಿದಾಗ ಆ ವೈರ್ ಸೊನ್ನೆ ವೋಲ್ಟಿಗೆ ಬರುತ್ತೆ, ಕಾಯಿಲ್ ಬಿಡುತ್ತೆ.

ಖಾತ್ರಿಗೆ ಎಚ್4 ಪ್ಲಗ್ ಕಳಚಿ, ಹೆಡ್‌ಲೈಟ್ ಹಾಕಿ ಡಿಪ್ಪರ್ ಆಡಿಸಿ. ಒಂದೇ ಪಿನ್ನಲ್ಲಿ 12 ವೋಲ್ಟ್ ಅಲ್ಲಾಡದೆ ನಿಂತರೆ ಅರ್ಥ್ ಸ್ವಿಚಿಂಗ್.

ಪರಿಹಾರ: 86ನ್ನು ಆ ಕಾಮನ್ ಪಾಸಿಟಿವ್ ವೈರಿಗೆ ಕೊಡಿ, ಡ್ಯಾಶ್ ಸ್ವಿಚ್ ಇದರಲ್ಲೇ ಬರಲಿ. 85ನ್ನು ಹೈಬೀಮ್ ವೈರಿಗೆ. ಬ್ಯಾಟರಿಯಿಂದಲೋ ಇಗ್ನಿಷನ್‌ನಿಂದಲೋ 86ಕ್ಕೆ ಕೊಟ್ಟರೆ, ಹೆಡ್‌ಲೈಟ್ ಆರಿಸಿದಾಗಲೂ ಎರಡು ಫಿಲಮೆಂಟ್ ಸುತ್ತಿಕೊಂಡು ಅರ್ಥ್ ಸಿಕ್ಕಿ ರಿಲೇ ಎಳೆಯುವ ಸಾಧ್ಯತೆ ಇದೆ. ರಿಲೇ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಭಾಗ) ಇರೋದಾದರೆ 85–86 ಅದಲುಬದಲು ಮಾಡಬೇಡಿ.

1.4 ವೋಲ್ಟ್ ನಷ್ಟ ಅಂದರೆ ಹ್ಯಾಲೊಜನ್ನಿನಲ್ಲಿ ಸುಮಾರು 30% ಬೆಳಕು ಹೋಯ್ತು. ಹೆಡ್‌ಲೈಟ್ ವೈರಿಂಗ್ ಮೊದಲು ಸರಿಮಾಡಿ: ಹೈ, ಲೋ ಒಂದೊಂದು ರಿಲೇ, 2.5ರ ವೈರ್, 15ರ ಫ್ಯೂಸ್. ಅದಾದ ಮೇಲೂ ಸಾಲದಿದ್ದರೆ ಡ್ರೈವಿಂಗ್ ಲೈಟಿನ ಜೋಡಿ ಕೊಳ್ಳಿ.

ಲಕ್ಸ್_ಲೆಕ್ಕ:
ಹಳ್ಳ ದಾಟುವವರಿಗೆ ಒಂದು ಮಾತು. ಐಪಿ67 (ನೀರು, ಧೂಳು ತಡೆಯೋ ಮಟ್ಟ) ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ, ಆದರೆ ಆ ಪರೀಕ್ಷೆಯಲ್ಲಿ ಲೈಟು ಬಿಸಿಯೇರಿರಲ್ಲ. ಬಿಸಿ ಲೈಟು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ. ಹಿಂಬದಿಯಲ್ಲಿ ಬ್ರೀದರ್ (ಗಾಳಿಯಾಡೋ ಸಣ್ಣ ಕಿಂಡಿ) ಇರುವ ಲೈಟನ್ನೇ ತಗೊಳ್ಳಿ, ಅದರ ಮೇಲೆ ಸಿಲಿಕೋನ್ ಮೆತ್ತಬೇಡಿ. ಹಳ್ಳಕ್ಕೆ ಇಳಿಯೋ ಐದು ನಿಮಿಷ ಮುಂಚೆ ಬಂಪರ್ ಲೈಟ್ ಆರಿಸಿ. ಗಾಜಿನೊಳಗೆ ತೆಳ್ಳಗೆ ಹಬೆ ಕೂತು ಲೈಟ್ ಉರಿದ ಮೇಲೆ ಹೋದರೆ ಚಿಂತೆಯಿಲ್ಲ, ತಳದಲ್ಲಿ ನೀರು ನಿಂತರೆ ಸೀಲ್ ಹೋಗಿದೆ.

ಬ್ರಾಕೆಟ್ಟಿಗೆ ನೈಲಾಕ್ ನಟ್ಟೇ (ಅದುರಿದರೂ ಸುಲಭಕ್ಕೆ ಸಡಿಲವಾಗದ್ದು) ಹಾಕಿ. ರೇಡಿಯೇಟರ್ ಮುಂದೆ ದೊಡ್ಡ ಲೈಟ್ ಕೂರಿಸಿ ಗಾಳಿ ತಡೆಯಬೇಡಿ. ಲೈಟ್ ಹಾಕಿದಾಗ ಎಫ್‌ಎಂ ಕರಕರ ಅಂದರೆ ಅದು ಅಗ್ಗದ ಎಲ್‌ಇಡಿ ಡ್ರೈವರ್ ಕೆಲಸ, ವೈರಿಗೆ ಫೆರೈಟ್ ಕ್ಲಿಪ್ ಹಾಕಿದರೆ ಸ್ವಲ್ಪ ತಗ್ಗಬಹುದು.

ಮಂಜಿನದಾರಿ:
ಹೈವೇಗೆ ಬಂದಾಗ ಡ್ರೈವಿಂಗ್ ಲೈಟಿನ ಜೋಡಿಗೆ ಕವರ್ ಹಾಕಿಡಿ. ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈಯಿಂದ ವಿಶೇಷವಾಗಿ ಕೇಸ್ ಹಾಕತೊಡಗಿದ್ದಾರೆ. ನಿಮ್ಮ ಕಡೆ ಆನೆ ಓಡಾಟ ಬೇರೆ. ಡ್ಯಾಶ್ ಸ್ವಿಚ್ ಕತ್ತಲಲ್ಲಿ ತಡಕಾಡದೆ ಕೈಗೆ ಸಿಗೋ ಜಾಗದಲ್ಲಿರಲಿ. ಆನೆ ಕಂಡರೆ ಎಕ್ಸ್‌ಟ್ರಾ ಲೈಟೆಲ್ಲ ಆರಿಸಿ, ಲೋಬೀಮಿಗೆ ಇಳಿಸಿ, ಹಾರ್ನ್ ಮಾಡದೆ ದೂರದಲ್ಲೇ ನಿಲ್ಲಿ. ರಿವರ್ಸ್ ಹೋಗಬೇಕಾಗಬಹುದು, ಹಾಗಾಗಿ ಹಿಂದಿನ ರಿವರ್ಸ್ ಲೈಟಿನ ಬಲ್ಬೂ ಒಮ್ಮೆ ನೋಡಿಕೊಳ್ಳಿ.